ನಿಂತ ಇಂಜಿನ್ನಿನ ಸದ್ದು

ದೆವ್ವ, ಶಕುನ, ಕನಸಿನಲ್ಲಿ ಬಂದು ಹೇಳಿ ಹೋದ ಹಿರಿಯರು, ಇಂಥ ಮಾತು ಶುರುವಾದರೆ ಎದ್ದು ಹೋಗಿ ಎಲ್ಲರಿಗೂ ಚಹಾ ಮಾಡಿಕೊಂಡು ಬರುವವಳು ನಾನು. ನಂಬಿಕೆ ಇರಲಿಲ್ಲ ಅನ್ನುವುದಕ್ಕಿಂತ ಸಹನೆ ಇರಲಿಲ್ಲ ಅನ್ನುವುದು ಸರಿ. ನನ್ನ ಉದ್ಯೋಗವೂ ಅದಕ್ಕೆ ತಕ್ಕಂತೆಯೇ ಇತ್ತು. ಕಂಪ್ಯೂಟರ್ ಪ್ರೋಗ್ರಾಮುಗಳಲ್ಲಿ ತಪ್ಪು ಹುಡುಕುವ ಟೆಸ್ಟರ್ ಕೆಲಸದಲ್ಲಿ ನನ್ನ ಅರ್ಧ ಆಯುಷ್ಯ ಕಳೆದಿದೆ. ಯಾರಾದರೂ ನಿನ್ನೆ ಹೀಗಾಯಿತು ಎಂದು ದೂರಿಕೊಂಡು ಬಂದರೆ ನಾವು ಮೊದಲು ಕೇಳುವುದು, ಅದನ್ನೇ ಮತ್ತೊಮ್ಮೆ ಮಾಡಿ ತೋರಿಸುತ್ತೀರಾ ಎಂದು. ತೋರಿಸಲಾಗದಿದ್ದರೆ ಆ ದೂರನ್ನು ಅಲ್ಲಿಗೆ ಮುಚ್ಚಿಬಿಡುತ್ತೇವೆ. ಈಗ ಬರೆಯಹೊರಟಿರುವುದನ್ನು ಬೇರೆ ಯಾರಾದರೂ ಬಂದು ಹೇಳಿದ್ದರೆ ಅದನ್ನೂ ಹಾಗೆಯೇ ಮುಚ್ಚಿರುತ್ತಿದ್ದೆ. ನಡೆದದ್ದು ನನಗೇ ಆದ್ದರಿಂದ ಇಷ್ಟು ವರ್ಷವಾದರೂ ಮುಚ್ಚಲಾಗಿಲ್ಲ.

ಎರಡು ಸಾವಿರದ ಇಸವಿ ಹತ್ತಿರ ಬರುತ್ತಿದ್ದ ಕಾಲ. ಇಸವಿ ಬದಲಾದೊಡನೆ ಲೋಕದ ಕಂಪ್ಯೂಟರುಗಳೆಲ್ಲ ತಲೆತಿರುಗಿ ಬೀಳುತ್ತವೆ ಎಂದು ಎಲ್ಲರೂ ಹೆದರಿದ್ದರು. ಆ ಹೆದರಿಕೆಯಿಂದಲೇ ನಮ್ಮಂಥವರ ಒಲೆ ಉರಿಯುತ್ತಿತ್ತು. ನಾನೂ ನನ್ನ ಗಂಡ ಪ್ರಸನ್ನನೂ ನ್ಯೂಜೆರ್ಸಿಯ ಮೆಟುಚೆನ್‌ನಲ್ಲಿ ರೈಲು ನಿಲ್ದಾಣಕ್ಕೆ ಹತ್ತಿರದ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ಅವನು ರೈಲು ಹತ್ತಿ ನ್ಯೂಯಾರ್ಕಿಗೆ ಹೋದರೆ, ನಾನು ಕಾರು ಹತ್ತಿ ಬಾಸ್ಕಿಂಗ್ ರಿಡ್ಜ್‌ಗೆ ಹೋಗುತ್ತಿದ್ದೆ. ನನಗೆ ದಿನ ತುಂಬುತ್ತ ಬಂದಿತ್ತು. ಬಾಣಂತನಕ್ಕೆಂದು ಗದಗಿನಿಂದ ಅವ್ವ ಬಂದಳು, ಜೊತೆಗೆ ಅಪ್ಪನೂ ಬಂದ. ಅವ್ವನ ಪೆಟ್ಟಿಗೆಯಲ್ಲಿ ಅಂಟಿನುಂಡಿಯ ಸಾಮಾನು, ಗುರೆಳ್ಳು ಚಟ್ನಿ, ಕೂಸಿನ ತಲೆಗೆ ಹಾಕುವ ಕುಂಚಿಗೆ. ಅಪ್ಪನ ಅಂಗಿಯ ಜೇಬಿನಲ್ಲಿ ಅವನ ಕೋಲು.

ಈ ಕೋಲಿನ ವಿಷಯ ಸ್ವಲ್ಪ ಹೇಳಲೇಬೇಕು. ಅಪ್ಪ ಗದಗಿನಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಒಂದು ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಇಂಜಿನ್ ಡ್ರೈವರ್ ಆಗಿದ್ದ. ಹಳಿಯ ಮೇಲೆ ಓಡುವ ಇಂಜಿನ್ ಅಲ್ಲ. ನೆಲಕ್ಕೆ ಬೋಲ್ಟು ಹಾಕಿ ಕೂರಿಸಿದ, ಬೆಲ್ಟಿನ ಪಟ್ಟಾ ಕಟ್ಟಿ ಇಡೀ ಫ್ಯಾಕ್ಟರಿಯ ಯಂತ್ರಗಳನ್ನು ತಿರುಗಿಸುತ್ತಿದ್ದ ಆಳೆತ್ತರದ ಆಯಿಲ್ ಇಂಜಿನ್. ಚಿಕ್ಕಂದಿನಿಂದ ಸೋರುತ್ತಿದ್ದ ಕಿವಿ, ಅದರ ಮೇಲೆ ಇಂಜಿನ್ ರೂಮಿನ ಅಬ್ಬರ. ನಾನು ಹೈಸ್ಕೂಲಿಗೆ ಬರುವ ಹೊತ್ತಿಗೆ ಅಪ್ಪ ಪೂರ್ತಿ ಕಿವುಡನಾಗಿದ್ದ. ಆದರೆ ಆ ಕೆಲಸದವರಲ್ಲಿ ಒಂದು ರೂಢಿಯಿತ್ತು. ಇಂಜಿನ್ನಿನ ಒಳಗೆ ಏನು ನಡೆಯುತ್ತಿದೆ ಎಂದು ತಿಳಿಯಲು ಒಂದು ಗಟ್ಟಿ ಕಟ್ಟಿಗೆಯ ತುದಿಯನ್ನು ಯಂತ್ರಕ್ಕೆ ಒತ್ತಿ, ಇನ್ನೊಂದು ತುದಿಯನ್ನು ಹಲ್ಲಿನಿಂದ ಕಚ್ಚಿ ಹಿಡಿಯುತ್ತಿದ್ದರು. ಸದ್ದು ಕಿವಿಯ ದಾರಿ ಬಿಟ್ಟು ಎಲುಬಿನ ದಾರಿಯಿಂದ ತಲೆಗೆ ಹೋಗುತ್ತದೆ. ಅಪ್ಪನದು ಗೇಣಿಗಿಂತ ತುಸು ಉದ್ದದ ಬೀಟೆ ಕಟ್ಟಿಗೆ, ಕೈಯಾಡಿ ಆಡಿ ಕರ್ರಗೆ ನುಣುಪಾಗಿತ್ತು. ಕಚ್ಚುವ ತುದಿಯಲ್ಲಿ ಅವನ ಹಲ್ಲಿನ ಗುರುತುಗಳಿದ್ದವು.

ಕಿವಿ ಹೋದ ಮೇಲೆ ಆ ಕೋಲು ಮನೆಗೂ ಬಂತು. ರೇಡಿಯೋದ ಪೆಟ್ಟಿಗೆಗೆ ಅದನ್ನು ಇಟ್ಟು ಅಪ್ಪ ವಾರ್ತೆ ಕೇಳುತ್ತಿದ್ದ. ನಮ್ಮ ಮಾತು ಕೇಳಬೇಕೆನಿಸಿದಾಗ ನಮ್ಮನ್ನು ಹತ್ತಿರ ಕರೆದು, ಕೊರಳ ಕೆಳಗಿನ ಎಲುಬಿಗೆ ಕೋಲಿನ ತುದಿ ಇಟ್ಟು, ಹುಬ್ಬು ಹಾರಿಸುತ್ತಿದ್ದ. ಹೇಳು ಎಂದರ್ಥ. ನಾನು ನನ್ನ ಮಾರ್ಕ್ಸು, ಗೆಳತಿಯರ ಜಗಳ, ಎಲ್ಲವನ್ನೂ ಹೇಳಿದ್ದು ಆ ಕೋಲಿನ ಮೂಲಕವೇ. ಕಿವಿಗೆ ಹಾಕುವ ಮಷೀನು ತಂದುಕೊಟ್ಟರೆ ಎರಡು ದಿನ ಹಾಕಿ ತೆಗೆದಿಟ್ಟ. "ಇದರಾಗ ಬರೇ ಗಾಳಿ ಕೇಳಿಸ್ತೈತಿ," ಎಂದ. ಮದುವೆಯಾಗಿ ಬಂದ ಮೇಲೂ ಫೋನಿನಲ್ಲಿ ಅಪ್ಪನ ಜೊತೆ ಮಾತಾಡುವಂತಿರಲಿಲ್ಲ. ಅಮೆರಿಕೆಗೆ ಬಂದಿಳಿದ ದಿನ ಏರ್‌ಪೋರ್ಟಿನಲ್ಲೇ, ಅಷ್ಟು ಜನರ ನಡುವೆ, ಅವನು ಕೋಲು ತೆಗೆದು ನನ್ನ ಕೊರಳಿಗಿಟ್ಟಾಗ ನನಗೆ ಅಳು ತಡೆಯಲಾಗಲಿಲ್ಲ.

ಬಂದವರು ಇಬ್ಬರೂ ಮನೆಯಲ್ಲಿ ಬಂದಿಗಳು. ಇಲ್ಲಿ ಕಾರಿಲ್ಲದೆ ಹಾಲೂ ಸಿಗುವುದಿಲ್ಲ. ಅವ್ವನಿಗಾದರೂ ಅಡುಗೆಮನೆಯಿತ್ತು. ಅಪ್ಪ ಫ್ರಿಜ್ಜಿಗೆ, ವಾಷಿಂಗ್ ಮಷೀನಿಗೆ, ಹೀಟರಿನ ಪೈಪಿಗೆ ಕೋಲು ಇಟ್ಟು ಕೇಳಿ ಹೊತ್ತು ಕಳೆಯುತ್ತಿದ್ದ. ಇದನ್ನು ನೋಡಿ ಪ್ರಸನ್ನನಿಗೆ ಪಾಪ ಅನಿಸುತ್ತಿತ್ತು. ಅವನು ಮೈಸೂರಿನವನು. ಮಾವನ ಜೊತೆ ಮಾತಾಡಲು ಬಾರದಿದ್ದರೂ ಪ್ರೀತಿಯಿತ್ತು.

ಸೆಪ್ಟೆಂಬರಿನ ಒಂದು ಶನಿವಾರ ನಾವು ನಾಲ್ವರೂ ಬ್ರಿಡ್ಜ್‌ವಾಟರಿನ ದೇವಸ್ಥಾನಕ್ಕೆ ಹೋಗಿದ್ದೆವು. ಹಿಂದಿನ ವಾರವಷ್ಟೇ ಅವ್ವ ನನಗೆ ಸೀಮಂತದ ಕುಬಸ ಮಾಡಿ, ಕೈ ತುಂಬ ಹಸಿರು ಬಳೆ ಇಡಿಸಿದ್ದಳು. ದೇವರ ದರ್ಶನವಾಯಿತು, ಕ್ಯಾಂಟೀನಿನಲ್ಲಿ ಪುಳಿಯೋಗರೆ ಆಯಿತು. ಹಿಂತಿರುಗುವಾಗ ಪ್ರಸನ್ನ ಎಲ್ಲಿಯೋ ಒಂದು ತಿರುವು ತಪ್ಪಿದ. ಹೊಲಗಳ ನಡುವಿನ ರಸ್ತೆಯಲ್ಲಿ ಹೋಗುತ್ತಿರುವಾಗ, ಹಳೆಯ ಯಂತ್ರಗಳ ಪ್ರದರ್ಶನ ಎಂದು ಕೈಯಿಂದ ಬರೆದ ಬೋರ್ಡು ಕಂಡಿತು. ಅದರ ಕೆಳಗೆ ದೊಡ್ಡ ಗಾಲಿಯ ಇಂಜಿನ್ನಿನ ಚಿತ್ರ. ಅಪ್ಪ ಕಾರಿನ ಗಾಜನ್ನು ಬೆರಳಿನಿಂದ ತಟ್ಟಿದ.

"ದೇವಸ್ಥಾನದಿಂದ ನೆಟ್ಟಗ ಮನೀಗೆ ಹೋಗಬೇಕು. ನಡುವ ಎಲ್ಲೂ ಇಳೀಬಾರದು," ಎಂದಳು ಅವ್ವ.

"ಅರ್ಧ ಗಂಟೆ ಅಷ್ಟೇ ಅತ್ತೆ. ಮಾವ ಬಂದಾಗಿನಿಂದ ಏನೂ ಬೇಕು ಅಂತ ಕೇಳಿಲ್ಲ," ಎಂದು ಪ್ರಸನ್ನ ಕಾರು ತಿರುಗಿಸಿದ.

ನನಗೆ ಇಳಿಯಲು ಮನಸ್ಸಿರಲಿಲ್ಲ. ಬೆಳಗಿನಿಂದ ಏನೋ ಒಂದು ಥರದ ಜಡ. ಅದನ್ನು ನಾನು ಪುಳಿಯೋಗರೆಯ ಲೆಕ್ಕಕ್ಕೆ ಹಾಕಿದ್ದೆ.

ದೊಡ್ಡ ಹುಲ್ಲುಗಾವಲಿನಲ್ಲಿ ಸಾಲುಸಾಲಾಗಿ ಇಂಜಿನ್ನುಗಳು. ನೂರು ವರ್ಷದ ಹಿಂದೆ ಹೊಲಗಳಲ್ಲಿ ನೀರೆತ್ತಲು, ಕಟ್ಟಿಗೆ ಕೊಯ್ಯಲು, ಕಾಳು ಒಡೆಯಲು ಬಳಸಿದಂಥವು. ಹಾಳುಬಿದ್ದಿದ್ದವನ್ನು ತಂದು, ತುಕ್ಕು ಕೆರೆದು, ಬಣ್ಣ ಬಳಿದು, ಓಡುವ ಹಾಗೆ ಮಾಡಿ, ಅವುಗಳ ಪಕ್ಕದಲ್ಲಿ ಮಡಚುವ ಕುರ್ಚಿ ಹಾಕಿ ಮುದುಕರು ಕುಳಿತಿದ್ದರು. ಇವು ಕಾರಿನ ಇಂಜಿನ್ನಿನ ಹಾಗೆ ಒಂದೇ ಸಮನೆ ಓಡುವುದಿಲ್ಲ. ಢಬ್ ಎಂದು ಒಮ್ಮೆ ಹೊತ್ತಿಕೊಳ್ಳುತ್ತವೆ. ಆ ವೇಗದಲ್ಲೇ ಗಾಲಿ ನಿಧಾನವಾಗಿ ಸುತ್ತುತ್ತ ಹುಸ್, ಹುಸ್ ಎಂದು ಉಸಿರುಬಿಡುತ್ತದೆ. ವೇಗ ಇಳಿದಾಗ ಮತ್ತೆ ಢಬ್. ಮೈದಾನದ ತುಂಬ ಹೀಗೆ ಒಂದೊಂದೂ ತನ್ನದೇ ಗತಿಯಲ್ಲಿ ಗುದ್ದುತ್ತಿತ್ತು. ಗಾಳಿಯಲ್ಲಿ ಸೀಮೆಎಣ್ಣೆಯ ವಾಸನೆ. ಒಂದು ಇಂಜಿನ್ನಿಗೆ ಪಟ್ಟಾ ಕಟ್ಟಿ ಐಸ್‌ಕ್ರೀಮಿನ ಡಬ್ಬಿ ತಿರುಗಿಸುತ್ತಿದ್ದರು.

ಅಪ್ಪ ಅಷ್ಟು ಚುರುಕಾಗಿ ನಡೆದದ್ದನ್ನು ನಾನು ಬಹಳ ದಿನಗಳಿಂದ ನೋಡಿರಲಿಲ್ಲ. ಒಂದೊಂದು ಇಂಜಿನ್ನಿನ ಮುಂದೆಯೂ ನಿಂತು, ಅದರ ಯಜಮಾನನಿಗೆ ಕೋಲು ತೋರಿಸಿ, ಕಣ್ಣಿನಲ್ಲೇ ಅಪ್ಪಣೆ ಕೇಳುತ್ತಿದ್ದ. ಅವರಿಗೆ ವಿಷಯ ತಿಳಿಯಲು ಮಾತು ಬೇಕಾಗಲಿಲ್ಲ. ವಾಲ್ಟರ್ ಎಂಬ ಮುದುಕನಂತೂ ಅಪ್ಪನನ್ನು ತನ್ನ ಕುರ್ಚಿಯ ಮೇಲೆಯೇ ಕೂರಿಸಿದ. ಅವನಿಗೂ ಕಿವಿ ಮಂದ. ಇಬ್ಬರೂ ಒಬ್ಬರಿಗೊಬ್ಬರು ತಲೆಯಾಡಿಸುತ್ತ, ಯಾರ ಮಾತು ಯಾರಿಗೂ ಕೇಳದೆ ಬಹಳ ಸುಖವಾಗಿದ್ದರು. ನಾನೂ ಅವ್ವನೂ ಅಲ್ಲಿಂದ ಸಾಕಷ್ಟು ದೂರದಲ್ಲಿ, ಮೇಪಲ್ ಮರದ ನೆರಳಿನಲ್ಲಿ ಕುಳಿತೆವು. ಅವ್ವ ಐಸ್‌ಕ್ರೀಮ್ ತಿನ್ನುತ್ತ, ಥಂಡಿ ಆಗುತ್ತದೆ ಎಂದು ನನಗೆ ಮಾತ್ರ ಕೊಡಲಿಲ್ಲ.

ವಾಲ್ಟರನ ಸಾಲಿನ ತುದಿಯಲ್ಲಿ ಬಣ್ಣ ಕಾಣದ ಒಂದು ಇಂಜಿನ್ ಇತ್ತು. ಮರದ ದಿಮ್ಮಿಗಳ ಮೇಲೆ ಕುಳಿತಿದ್ದ ಅದು ತುಕ್ಕಿನ ಒಂದು ಗುಡ್ಡೆ. ಕುಸಿದು ಬಿದ್ದ ಒಂದು ಕೊಟ್ಟಿಗೆಯ ಕೆಳಗೆ ಸಿಕ್ಕಿತಂತೆ. ಒಳಗೆ ಪಿಸ್ಟನ್ನು ತುಕ್ಕು ಹಿಡಿದು ಕಚ್ಚಿಕೊಂಡುಬಿಟ್ಟಿದೆ, ಬೇಸಿಗೆಯಿಂದ ಎಣ್ಣೆ ಹೊಯ್ದು ಕಾಯುತ್ತಿದ್ದೇನೆ, ಕೂದಲೆಳೆಯಷ್ಟೂ ಅಲುಗಿಲ್ಲ ಎಂದು ವಾಲ್ಟರ್ ಪ್ರಸನ್ನನಿಗೆ ಹೇಳಿದನಂತೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಕುಳಿತಲ್ಲಿಂದ ನನಗೆ ಕಂಡದ್ದು ಇಷ್ಟು. ಅಪ್ಪ ಆ ಇಂಜಿನ್ನಿನ ಗಾಲಿಯನ್ನು ಮುಟ್ಟಿ ಕೈಯನ್ನು ಕಣ್ಣಿಗೆ ಒತ್ತಿಕೊಂಡ. ಸತ್ತವರಿಗೆ ಮಾಡಿದ ಹಾಗೆ ಅನಿಸಿ ನನಗೆ ನಗು ಬಂತು. ಮುಂದೆ ಹೋಗುವ ಮೊದಲು, ಬರೀ ಅಭ್ಯಾಸಬಲದಿಂದ ಎಂಬಂತೆ, ಕೋಲನ್ನು ಅದರ ಸಿಲಿಂಡರಿಗೆ ಒತ್ತಿ ಹಲ್ಲಿನಲ್ಲಿ ಕಚ್ಚಿದ.

ಕೂಡಲೇ ತೆಗೆಯುತ್ತಾನೆ ಎಂದುಕೊಂಡೆ. ತೆಗೆಯಲಿಲ್ಲ. ಅವನ ಬೆನ್ನು ಬಿಗಿಯಿತು. ಸ್ವಲ್ಪ ಹೊತ್ತಿನ ಮೇಲೆ ಕೋಲು ತೆಗೆದು, ತುದಿಯನ್ನು ಕರ್ಚೀಫಿನಿಂದ ಒರೆಸಿ, ಮತ್ತೆ ಇಟ್ಟ. ಆಮೇಲೆ ತಲೆ ತಿರುಗಿಸಿ ನೋಡಿದ. ಇಂಜಿನ್ನನ್ನಲ್ಲ, ವಾಲ್ಟರನನ್ನಲ್ಲ. ಅಷ್ಟು ದೂರದಲ್ಲಿ ಕುಳಿತಿದ್ದ ನನ್ನನ್ನು.

ಹುಲ್ಲಿನ ಮೇಲೆ ದಾಪುಗಾಲು ಹಾಕುತ್ತ ಬಂದು ನನ್ನ ಕೈ ಹಿಡಿದ. "ಯವ್ವಾ, ಬಾ ಇಲ್ಲಿ. ಒಂದೀಟು ಕೇಳಿ ನೋಡು."

ಹೋದೆ. ಆಟಿಕೆಯ ಅಂಗಡಿಗೆ ಬಂದ ಮಗುವಿನಂತಿದ್ದ ಅಪ್ಪನಿಗೆ ಬೇಸರ ಮಾಡಬಾರದೆಂದು ಹೋದೆ. ಪ್ರಸನ್ನ ಅಲ್ಲಿಯೇ ಇದ್ದ. "ಮಾವ, ಇದು ಓಡ್ತಾ ಇಲ್ಲ. ಕೆಟ್ಟು ನಿಂತಿದೆ," ಎಂದು ಕೈಯಾಡಿಸಿ ತೋರಿಸಿದ.

"ಗೊತ್ತೈತಿ," ಎಂದ ಅಪ್ಪ.

ಹಿಂದೆಯೇ ಏದುಸಿರು ಬಿಡುತ್ತ ಬಂದ ಅವ್ವ ಸಿಟ್ಟಾದಳು. "ಎಂಜಲ ಕೋಲು ಬಸರಿ ಬಾಯಿಗೆ ಕೊಡ್ತೀರೇನು? ಪ್ರಸಾದ ತಿಂದ ಬಾಯಿ ಅದು." ಅಪ್ಪ ಅವಳ ತುಟಿಯ ಕಡೆ ನೋಡಲೇ ಇಲ್ಲ. ಕರ್ಚೀಫಿನ ಹೊಸ ಮಡಿಕೆಯಿಂದ ತುದಿಯನ್ನು ಒರೆಸಿ ಕೊಟ್ಟ. ಅಪ್ಪನ ಹಲ್ಲಿನ ಗುರುತಿನ ಮೇಲೆ ನನ್ನ ಹಲ್ಲಿಟ್ಟು ಕಚ್ಚಿದೆ.

ಮೊದಲು ಏನೂ ಇಲ್ಲ. ಆಮೇಲೆ ದವಡೆಯಲ್ಲಿ ಶುರುವಾಯಿತು. ಟುಕುಟುಕು ಟುಕುಟುಕು ಎಂದು ಬಹಳ ವೇಗವಾದ, ಬಹಳ ಸಣ್ಣ ಬಡಿತ. ಸುತ್ತಲಿನ ಯಾವ ಇಂಜಿನ್ನೂ ಹಾಗೆ ಓಡುತ್ತಿರಲಿಲ್ಲ. ಒಂದೇ ಸಮನೆ ಓಡುತ್ತಿದ್ದದ್ದು ಇದ್ದಕ್ಕಿದ್ದ ಹಾಗೆ ಭಾರವಾಯಿತು. ಟುಕ್. ಟುಕ್. ನಿಂತುಹೋಯಿತು. ನಿಂತ ಆ ಹೊತ್ತಿನಲ್ಲಿ ನನ್ನ ಉಸಿರೂ ನಿಂತಿತ್ತು. ಯಾಕೆ ಎಂದು ನನಗೆ ಗೊತ್ತಿರಲಿಲ್ಲ. ಆಮೇಲೆ ಎಡವಿದವರು ಎರಡು ಹೆಜ್ಜೆ ಒಟ್ಟಿಗೆ ಹಾಕಿ ಸಾವರಿಸಿಕೊಳ್ಳುವ ಹಾಗೆ ಜೋಡಿ ಬಡಿತ ಬಡಿದು, ಮತ್ತೆ ಓಡತೊಡಗಿತು. ಕೋಲು ತೆಗೆದೆ. ಎಡಗೈಯನ್ನು ಸಿಲಿಂಡರಿನ ಮೇಲಿಟ್ಟೆ. ತಣ್ಣಗಿನ ಕಬ್ಬಿಣ, ಅಲುಗಾಟವೇ ಇಲ್ಲ.

"ಓಡಾಕತ್ತೈತಿ. ನಡುವ ನಡುವ ನಿಲ್ಲಾಕತ್ತೈತಿ. ಕೇಳಿಸ್ತು?" ಅಪ್ಪ ಕೇಳಿದ. ತಲೆಯಾಡಿಸಿದೆ.

ಅಪ್ಪ ಕೋಲನ್ನು ನನ್ನ ಕೈಯಿಂದ ತೆಗೆದುಕೊಂಡ. ಆಮೇಲೆ, ಯಾವ ತಂದೆಯೂ ನಮ್ಮ ಕಡೆ ಮಗಳನ್ನು ಕೇಳದ ಮಾತನ್ನು, ಅಳಿಯನ ಎದುರಿಗೆ, ಕೇಳಿದ. "ಕೂಸು ಇವತ್ತ ಒದ್ದೈತೇನು?"

ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ನೆನಪು ಮಾಡಿಕೊಳ್ಳಲು ನೋಡಿದೆ. ದೇವಸ್ಥಾನದಲ್ಲಿ? ಇಲ್ಲ. ಬೆಳಿಗ್ಗೆ ಎದ್ದಾಗ? ನೆನಪಿಲ್ಲ. ದಿನವೂ ಸಿಹಿ ತಿಂದ ಕೂಡಲೇ ಪಕ್ಕೆಗೆ ಒದೆಯುತ್ತಿದ್ದ ಕೂಸು ಅಂದು ಪ್ರಸಾದದ ಲಾಡು ತಿಂದಾಗ ಸುಮ್ಮನೆ ಇತ್ತು. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡೆ.

ಪ್ರಸನ್ನ ಮೊಬೈಲಿನಿಂದ ಡಾಕ್ಟರರ ಆಫೀಸಿಗೆ ಫೋನ್ ಮಾಡಿದ. ಫೋನೆತ್ತಿದವರು ಸಮಾಧಾನದ ಮಾತು ಹೇಳಿದರು. ಮನೆಗೆ ಹೋಗಿ ಜ್ಯೂಸ್ ಕುಡಿದು ಎಡಮಗ್ಗುಲಿಗೆ ಮಲಗಲಿ, ಆಗಲೂ ಒದೆತ ಗೊತ್ತಾಗದಿದ್ದರೆ ಮತ್ತೆ ಫೋನ್ ಮಾಡಿ ಎಂದರು. ಯಾರಿಗಾದರೂ ಕೊಡುವ ಸಲಹೆಯೇ ಅದು. ನನಗೂ ಮನೆಗೆ ಹೋಗುವುದೇ ಸರಿ ಅನಿಸಿತು. ಕಾರಿನ ಬಾಗಿಲು ತೆಗೆದಾಗ ಅಪ್ಪ ಅಡ್ಡ ನಿಂತ.

"ಎಲ್ಲಿಗೆ?"

ಮನೆಗೆ ಎಂದು ಪ್ರಸನ್ನ ಸನ್ನೆ ಮಾಡಿದ.

"ದವಾಖಾನಿಗೆ ನಡೀರಿ."

"ಡಾಕ್ಟರ ಆಫೀಸಿನವರೇ ಹೇಳಿದ್ದಾರೆ ಮಾವ, ಸ್ವಲ್ಪ ರೆಸ್ಟ್ ತಗೊಂಡು ನೋಡೋಣ ಅಂತ." ಪ್ರಸನ್ನ ನಿಧಾನವಾಗಿ, ತುಟಿ ಕಾಣುವ ಹಾಗೆ ಹೇಳಿದ.

"ನಾ ಕೇಳೀನಿ. ಮನೀಗೆ ಹೋಗೂತನಾ ಅದು ತಡಿಯೂದಿಲ್ಲ." ಅಪ್ಪ ಕಾರಿನ ಬಾಗಿಲನ್ನು ಬಿಡಲಿಲ್ಲ. ನನ್ನಪ್ಪ ಬೀಗರ ಎದುರು ದನಿಯೆತ್ತಿದವನಲ್ಲ, ಅಳಿಯನಿಗೆ ಎದುರಾಡಿದವನಂತೂ ಅಲ್ಲವೇ ಅಲ್ಲ. ಪ್ರಸನ್ನ ನನ್ನ ಮುಖ ನೋಡಿದ, ಆಮೇಲೆ ಆಸ್ಪತ್ರೆಯ ಕಡೆ ಕಾರು ಬಿಟ್ಟ.

ಆಸ್ಪತ್ರೆಯಲ್ಲಿ ಹೊಟ್ಟೆಯ ಮೇಲೆ ಪಟ್ಟಿ ಕಟ್ಟಿ, ಕೂಸಿನ ಎದೆಬಡಿತ ಕೇಳಿಸುವ ಮಷೀನು ಹಚ್ಚಿದರು. ಆ ಸದ್ದು ನನಗೆ ಹೊಸದಲ್ಲ, ತಪಾಸಣೆಗೆ ಹೋದಾಗಲೆಲ್ಲ ಕೇಳಿದ್ದೆ. ಒಂದೇ ಸಮನೆ ಓಡುವ ಸದ್ದು. ಅಂದೂ ಹಾಗೆಯೇ ಓಡುತ್ತಿತ್ತು. ಪ್ರಸನ್ನ ನನ್ನ ಕೈ ಅಮುಕಿ ನಕ್ಕ. ಅಷ್ಟರಲ್ಲಿ ಅದು ಭಾರವಾಯಿತು. ಟುಕ್. ಟುಕ್. ಆಮೇಲೆ ಏನೂ ಇಲ್ಲ. ನರ್ಸಮ್ಮ ತಲೆಯೆತ್ತಿ ನೋಡಿದಳು. ಅವಳು ಎದ್ದು ನಿಲ್ಲುವ ಮೊದಲೇ ನನ್ನ ದವಡೆ ಬಿಗಿಯಿತು. ಮುಂದೆ ಬರುವುದು ಏನು ಎಂದು ನನಗೆ ಗೊತ್ತಿತ್ತು. ಬಂತು. ಎಡವಿ ಸಾವರಿಸಿಕೊಳ್ಳುವ ಆ ಜೋಡಿ ಬಡಿತ, ಮತ್ತೆ ಓಟ.

ಆಮೇಲೆ ಎಲ್ಲವೂ ಬಹಳ ಬೇಗ ನಡೆಯಿತು. ಹಸಿರು ಬಳೆಗಳನ್ನು ತೆಗೆಯಲು ಹೊತ್ತಿಲ್ಲದೆ ಅವುಗಳ ಮೇಲೆಯೇ ಟೇಪು ಸುತ್ತಿ ನನ್ನನ್ನು ಆಪರೇಷನ್ನಿಗೆ ಒಯ್ದರು. ನಮ್ಮ ನಿಧಿ ಹುಟ್ಟಿದಳು. ಮೊದಲು ಅಳಲಿಲ್ಲ, ಸ್ವಲ್ಪ ಹೊತ್ತಿನ ಮೇಲೆ ಅತ್ತಳು. ಹೊಕ್ಕುಳಬಳ್ಳಿಯಲ್ಲಿ ಗಂಟು ಬಿದ್ದಿತ್ತಂತೆ, ಅದು ಬಿಗಿಯುತ್ತ ಬಂದಿತ್ತಂತೆ. ಮನೆಗೆ ಹೋಗಿ ಮಲಗಿದ್ದರೆ ಎಂದು ನಾನು ಕೇಳಿದಾಗ ಡಾಕ್ಟರಮ್ಮ ನನ್ನ ಹೊದಿಕೆಯನ್ನು ಸರಿಮಾಡಿ, "ನೀವು ಬಂದಿರಲ್ಲ," ಎಂದಷ್ಟೇ ಹೇಳಿದರು.

ಇದನ್ನು ಓದುತ್ತಿರುವವರು ಈಗಾಗಲೇ ಕಾರಣಗಳನ್ನು ಹುಡುಕಿರುತ್ತೀರಿ. ನಾನೂ ಹುಡುಕಿದ್ದೇನೆ, ಬಹುಶಃ ನಿಮಗಿಂತ ಹೆಚ್ಚು. ನೆಲದಿಂದ ಬೇರೆ ಇಂಜಿನ್ನುಗಳ ಅದುರು ಬಂದಿರಬಹುದು ಎಂಬುದು ಪ್ರಸನ್ನನ ವಾದ. ಆದರೆ ಅವು ಎಷ್ಟು ನಿಧಾನವಾಗಿ ಗುದ್ದುತ್ತಿದ್ದವೆಂದು ಅವನೇ ನೋಡಿದ್ದ. ಕೋಲು ಕಚ್ಚಿದಾಗ ನನಗೆ ಕೇಳಿಸಿದ್ದು ನನ್ನದೇ ನಾಡಿ ಇರಬಹುದು, ಆಸ್ಪತ್ರೆಯಲ್ಲಿ ಕೇಳಿದ್ದನ್ನು ನನ್ನ ನೆನಪು ಆಮೇಲೆ ಹಿಂದಕ್ಕೆ ಒಯ್ದು ಹೊಲಿದಿರಬಹುದು. ಹೆದರಿದ ಹೆಂಗಸಿನ ನೆನಪನ್ನು ನಾನೇ ಸಾಕ್ಷಿಯೆಂದು ಒಪ್ಪುವುದಿಲ್ಲ. ಹಾಗೆ ಒಪ್ಪದಿದ್ದರೂ ಅಪ್ಪ ಉಳಿಯುತ್ತಾನೆ. ಅವನು ನನಗಿಂತ ಮೊದಲು ಕೇಳಿದ, ನಾನು ದೂರದಲ್ಲಿ ಕುಳಿತಿದ್ದಾಗ ಕೇಳಿದ, ಕೇಳಿ ನನ್ನ ಕಡೆ ತಿರುಗಿದ. ನನ್ನ ಬಾಡಿದ ಮುಖ ಬೆಳಗಿನಿಂದ ನೋಡಿ ಅವನ ಮನಸ್ಸಿನಲ್ಲಿ ಮೊದಲೇ ಅನುಮಾನ ಹುಟ್ಟಿತ್ತೋ ಏನೋ. ಇದ್ದರೂ ಇರಬಹುದು. ಮುಂದಿನ ವರ್ಷ ನಾನೂ ಪ್ರಸನ್ನನೂ ಕೂಸನ್ನು ಎತ್ತಿಕೊಂಡು ಅದೇ ಹೊಲಕ್ಕೆ ಹೋದೆವು. ವಾಲ್ಟರ್ ಆ ಇಂಜಿನ್ನನ್ನು ಬಿಡಿಸಿ, ಹಸಿರು ಬಣ್ಣ ಬಳಿದು ಓಡಿಸುತ್ತಿದ್ದ. ಅಡುಗೆಮನೆಯ ಕಟ್ಟಿಗೆ ಸೌಟನ್ನು ಬ್ಯಾಗಿನಲ್ಲಿಟ್ಟುಕೊಂಡು ಹೋಗಿದ್ದೆ. ಅದನ್ನು ಸಿಲಿಂಡರಿಗಿಟ್ಟು ಕಚ್ಚಿ ಕೇಳಿದೆ. ಢಬ್, ಹುಸ್, ಹುಸ್. ಬರೀ ಇಂಜಿನ್ನು.

ಅಪ್ಪನನ್ನೇ ಕೇಳಿದರೆ ಮುಗಿಯಿತಲ್ಲ ಎನ್ನಬಹುದು. ಕೇಳಿದೆ. ಆಸ್ಪತ್ರೆಯಿಂದ ಮನೆಗೆ ಬಂದ ದಿನ ಅವನ ಮುಂದೆ ನಿಂತು, ಕೊರಳು ತೋರಿಸಿ, ಕೋಲು ತೆಗೆ ಎಂದು ಸನ್ನೆ ಮಾಡಿದೆ. ತೆಗೆಯಲಿಲ್ಲ. ಕೊನೆಗೆ ತುಟಿ ಕಾಣುವ ಹಾಗೆ ಕೇಳಿದೆ. "ಅಪ್ಪಾ, ಅವತ್ತ ಏನ್ ಕೇಳಿಸ್ತು ನಿನಗ?"

"ಏನಿಲ್ಲ," ಎಂದ.

ಅಂದಿನಿಂದ ಅಪ್ಪ ಆ ಕೋಲನ್ನು ಯಾರ ಕೊರಳಿಗೂ ಇಡಲಿಲ್ಲ. ನನ್ನ ಕೊರಳಿಗಿಲ್ಲ, ಅವ್ವನ ಕೊರಳಿಗಿಲ್ಲ. ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಗಂಟೆಗಟ್ಟಲೆ ನೋಡುತ್ತಿದ್ದ, ಕೋಲು ಮಾತ್ರ ಪೆಟ್ಟಿಗೆಯಲ್ಲಿ. ನಿಧಿ ಮಾತು ಕಲಿತ ಮೇಲೆ ಅವಳನ್ನು ಗದಗಿಗೆ ಕರೆದುಕೊಂಡು ಹೋಗಿದ್ದೆ. ಅಜ್ಜ ಎಂದು ಅವಳು ಕರೆಯುವುದನ್ನು ಒಮ್ಮೆಯಾದರೂ ಅವನು ಕೇಳಲಿ ಎಂದು ನಾನೇ ಕೋಲು ಹುಡುಕಿ ತಂದು ಕೈಗೆ ಕೊಟ್ಟೆ. ಅವನು ಬಾಯಿ ಗಟ್ಟಿಯಾಗಿ ಮುಚ್ಚಿ, ಮಕ್ಕಳು ಔಷಧಿಗೆ ಮಾಡುವ ಹಾಗೆ ಮುಖ ತಿರುಗಿಸಿದ. ಕಣ್ಣಿನಲ್ಲಿ ನೀರಿತ್ತು. ಇನ್ನೇನು ಕೇಳಿಸೀತೋ ಎಂದು ಅವನು ಹೆದರಿದ್ದ. ಆ ಹೆದರಿಕೆಯಲ್ಲಿ ತನ್ನವರ ದನಿಯನ್ನೆಲ್ಲ ಬಿಟ್ಟುಕೊಟ್ಟ. ತಾನು ಉಳಿಸಿದ ಮೊಮ್ಮಗಳ ದನಿಯನ್ನು ಒಂದು ಸಲವೂ ಕೇಳದೆ ಹೋಗಿಬಿಟ್ಟ. ನಾನು ಇವತ್ತಿಗೂ ನೊಂದುಕೊಳ್ಳುವುದು ಅದಕ್ಕೆ, ಇಂಜಿನ್ನಿಗಲ್ಲ.

ಅವನು ತೀರಿಕೊಂಡ ಮೇಲೆ ಅವ್ವ ಕೋಲನ್ನು ನನಗೆ ಕೊಟ್ಟಳು. ಅಂದು ಆ ಹೊಲದಲ್ಲಿ ನಡೆದದ್ದನ್ನು ನಿಧಿಗೆ ಹೇಳಬಾರದು ಎಂದು ನಾನೂ ಪ್ರಸನ್ನನೂ ಯಾವಾಗಲೋ ತೀರ್ಮಾನಿಸಿದ್ದೆವು. ಆಸ್ಪತ್ರೆಯ ಸಂಗತಿ ಅವಳಿಗೆ ಗೊತ್ತು. ಹಿಂದಿನದು ಗೊತ್ತಿಲ್ಲ. ಕೋಲು ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿತ್ತು.

ಕಳೆದ ಥ್ಯಾಂಕ್ಸ್‌ಗಿವಿಂಗ್ ರಜೆಗೆ ನಿಧಿ ಮನೆಗೆ ಬಂದಿದ್ದಳು. ಈಗ ಅವಳು ನ್ಯೂಯಾರ್ಕಿನಲ್ಲಿ ಕೆಲಸದಲ್ಲಿದ್ದಾಳೆ. ಮಧ್ಯಾಹ್ನ ನಾನು ಚಪಾತಿ ಲಟ್ಟಿಸುತ್ತಿದ್ದೆ. ಶಾಲು ಹುಡುಕಲು ಹೋದವಳು ಕೋಲು ಹಿಡಿದು ಬಂದಳು. "ಅಮ್ಮ, ವಾಟ್ ಈಸ್ ದಿಸ್?"

ಅಜ್ಜನದು, ಅಜ್ಜ ಅದನ್ನು ಕಚ್ಚಿ ಹಿಡಿದು ಕೇ‌ಳಿಸಿಕೊಳ್ಳುತ್ತಿದ್ದರು ಎಂದೆ. ಅಷ್ಟು ಸಾಕಾಯಿತು. ತೊಳೆದುಕೊಂಡು ಬಂದು ಫ್ರಿಜ್ಜಿಗಿಟ್ಟು ಕೇಳಿದಳು, ಡಿಶ್‌ವಾಷರಿಗಿಟ್ಟು ಕೇಳಿದಳು. "ಓ ಮೈ ಗಾಡ್, ಇಟ್ ವರ್ಕ್ಸ್," ಎಂದು ನಗುತ್ತಿದ್ದಳು. ನನಗೂ ನಗು ಬಂತು. ಕೈಯ ಹಿಟ್ಟು ಒರೆಸಿಕೊಳ್ಳುವಷ್ಟರಲ್ಲಿ ಅವಳು ಹತ್ತಿರ ಬಂದು, ಯಾರೂ ಹೇಳಿಕೊಡದೆ, ಕೋಲಿನ ತುದಿಯನ್ನು ನನ್ನ ಕೊರಳ ಕೆಳಗಿನ ಎಲುಬಿಗೆ ಇಟ್ಟು ಹುಬ್ಬು ಹಾರಿಸಿದಳು. ಅಪ್ಪನ ಹುಬ್ಬು.

ನಾನು ಹಿಟ್ಟಿನ ಕೈಯಲ್ಲಿ ಹಾಗೆಯೇ ನಿಂತೆ. ಅವಳು ಕಾದಳು. ಮುಖದ ಮೇಲಿನ ನಗು ನಿಧಾನವಾಗಿ ಇಳಿಯಿತು. ಕೋಲು ತೆಗೆದು, ತುದಿಯನ್ನು ಟೀಶರ್ಟಿನ ಅಂಚಿನಿಂದ ಒರೆಸಿ, ಮತ್ತೆ ಇಟ್ಟಳು.

"ಏನು ಕೇಳಿಸ್ತು?" ಎಂದೆ.

"ನಥಿಂಗ್," ಎಂದಳು. ಕೋಲನ್ನು ಬಟ್ಟೆಯಲ್ಲಿ ಸುತ್ತಿ ಇದ್ದಲ್ಲಿಯೇ ಇಟ್ಟು ಬಂದಳು.

ಮರುದಿನ ಅವಳನ್ನು ರೈಲಿಗೆ ಬಿಡಲು ಮೆಟುಚೆನ್ ಸ್ಟೇಷನ್ನಿಗೆ ಹೋದೆ. ಬ್ಯಾಗು ಹೆಗಲಿಗೇರಿಸಿ, ರೈಲು ಬರುವ ದಿಕ್ಕನ್ನೇ ನೋಡುತ್ತ, ಹವಾಮಾನದ ಮಾತಾಡುವವಳ ಹಾಗೆ ಕೇಳಿದಳು. "ಅಮ್ಮ, ವೆನ್ ವಾಸ್ ಯುವರ್ ಲಾಸ್ಟ್ ಚೆಕಪ್?"

ನೆನಪಿಲ್ಲ ಎಂದೆ. "ಗೋ ಸೂನ್. ಪ್ಲೀಸ್," ಎಂದಳು. ನನ್ನ ಕೈಯನ್ನು ಒಮ್ಮೆ ಹಿಡಿದು ಬಿಟ್ಟಳು. ರೈಲು ಬಂತು.

ಅಪಾಯಿಂಟ್‌ಮೆಂಟ್ ಮುಂದಿನ ವಾರಕ್ಕೆ ಸಿಕ್ಕಿದೆ. ಕೋಲು ಈಗ ನಾನು ಬರೆಯುತ್ತಿರುವ ಮೇಜಿನ ಮೇಲಿದೆ, ಒಂದು ತುದಿಯಲ್ಲಿ ಅಪ್ಪನ ಹಲ್ಲಿನ ಗುರುತು ಹಾಗೆಯೇ ಇದೆ. ಮತ್ತೊಮ್ಮೆ ಮಾಡಿ ತೋರಿಸಿ ಎಂದು ಊರಿಗೆಲ್ಲ ಹೇಳುತ್ತ ಬಂದವಳು ನಾನು. ಬಗ್ಗಿ ಅದನ್ನು ಕಚ್ಚಿ, ಇನ್ನೊಂದು ತುದಿಯನ್ನು ನನ್ನ ಎದೆಗೆ ನಾನೇ ಇಟ್ಟುಕೊಂಡರೆ ಸಾಕು. ಬೆಳಗಿನಿಂದ ಎರಡು ಸಲ ಕೈಗೆತ್ತಿಕೊಂಡು ಕೆಳಗಿಟ್ಟಿದ್ದೇನೆ.